ಬಲಗಿವಿಯ ಬುಗುಡಿ

…ಅಥವಾ ಪತ್ತಾರ ಆ ತಾರವನ್ನು ಬಾಯಲ್ಲಿ ಕಚ್ಚಿಕೊಂಡಿರಲೇ ಇಲ್ಲವೇನೋ. ನಾನು ಹುಮನಾಬಾದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವವಳು. ದಿನಕ್ಕೆ ಹತ್ತು ಸಲ "ಸೂಜಿ ಬಾಯಿಂದ ತೆಗಿ" ಎಂದು ಕೂಗುವುದೇ ನನ್ನ ಉದ್ಯೋಗ. ಹಾಗಾಗಿ ಇಪ್ಪತ್ತೈದು ವರ್ಷಗಳ ಹಿಂದಿನ ಒಬ್ಬ ಅಕ್ಕಸಾಲಿಗನ ತುಟಿಗಳ ನಡುವೆ ಆ ಚಿನ್ನದ ತಾರವನ್ನು ನಾನೇ ಆಮೇಲೆ ತಂದಿಟ್ಟಿರಬಹುದು. ಆದರೆ ಕಿವಿಯನ್ನು ನಾನು ತಂದಿಟ್ಟಿಲ್ಲ. ಅದು ಇಲ್ಲೇ ಇದೆ, ತಲೆಯ ಬಲಗಡೆ. ಅದರ ಮೇಲಿನ ಅಂಚು ಕರಿದ ಹಪ್ಪಳದ ಹಾಗೆ ಒಳಕ್ಕೆ ಮುದುಡಿಕೊಂಡಿದೆ. ನೆನಪು ಸುಳ್ಳು ಹೇಳಬಹುದು, ಕಿವಿ ಹೇಳುವುದಿಲ್ಲ ಎಂದು ಬರೆಯಲು ಕೈ ಹೋಯಿತು, ತಡೆದೆ. ಕಿವಿಯೂ ಅಷ್ಟು ನಂಬಿಕೆಯ ಸಾಕ್ಷಿಯಲ್ಲ. ಏನಾಯಿತು ಎಂದಷ್ಟೇ ಅದು ತೋರಿಸುತ್ತದೆ. ಯಾರು ಮಾಡಿದರು ಎಂದು ಕೇಳಿದರೆ ಸುಮ್ಮನೆ ಮುದುಡಿಕೊಂಡಿರುತ್ತದೆ.

ಇದೆಲ್ಲ ಎದ್ದದ್ದು ಚಾಳೀಸಿನಿಂದ. ನಲವತ್ತು ತುಂಬುವ ಮೊದಲೇ ಸೂಜಿಯ ಕಣ್ಣು ನನ್ನ ಕಣ್ಣಿಗೆ ಕಾಣದಾಯಿತು. ಬಸ್ ನಿಲ್ದಾಣದ ಹತ್ತಿರದ ಚಷ್ಮಾ ಅಂಗಡಿಯಲ್ಲಿ ಒಂದು ಮಾಡಿಸಿಕೊಂಡೆ. ಹಾಕಿದ ಮೊದಲ ದಿನವೇ ಅದು ಬಲಕ್ಕೆ ವಾಲಿತು. ತರಗತಿಯಲ್ಲಿ ಬಗ್ಗಿ ಒಬ್ಬ ಹುಡುಗಿಯ ಹೊಲಿಗೆ ನೋಡುತ್ತಿದ್ದಾಗ ಜಾರಿ ಅವಳ ಲಂಗದ ಬಟ್ಟೆಯ ಮೇಲೆ ಬಿತ್ತು. ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯವ ಮುದುಕ, ಬಹಳ ಮರ್ಯಾದೆಯ ಮನುಷ್ಯ. ಫ್ರೇಮನ್ನು ಗಾಜಿನ ಮೇಜಿನ ಮೇಲಿಟ್ಟು ತೋರಿಸಿದ.

"ನೋಡ್ರಿ ಟೀಚರಮ್ಮಾ, ಫ್ರೇಮು ಏಕದಮ್ ಸೀದಾ ಅದ. ತಮ್ಮ ಕಿವಿ ಜರಾ ಟೇಢಾ ಅದ. ಏನಾಗಿತ್ರಿ?"

"ಎಮ್ಮೆಕರು ಒದ್ದಿತ್ತು" ಎಂದೆ.

ಗಂಡನ ಮನೆಯವರಿಗೆ ನಾನು ಹೇಳಿದ್ದು ಜೋಕಾಲಿಯಿಂದ ಬಿದ್ದೆ ಎಂದು. ಶಾಲೆಯ ಹುಡುಗಿಯರಿಗೆ ಹೇಳಿದ್ದು, ಮಾತು ಕೇಳದ್ದಕ್ಕೆ ನಮ್ಮ ಟೀಚರು ಹಿಂಡಿದ್ದರು ಎಂದು. ಮೂರೂ ಸುಳ್ಳೇ. ಆದರೆ ಮೂರನ್ನೂ ಎಷ್ಟು ಸಲ ಹೇಳಿದ್ದೇನೆಂದರೆ, ಆ ಎಮ್ಮೆಕರುವಿನ ಹಣೆಯ ಮೇಲೆ ಬಿಳಿ ಮಚ್ಚೆಯಿತ್ತೆಂದು ನನಗೆ ಚೆನ್ನಾಗಿ ನೆನಪಿದೆ. ಇಂಥವಳು ನೆನಪಿನ ಬಗ್ಗೆ ಬರೆಯಹೊರಟರೆ ನೀವು ಎಷ್ಟು ನಂಬಬೇಕೋ ನೀವೇ ನೋಡಿಕೊಳ್ಳಿ.

ಮುದುಕ ಫ್ರೇಮಿನ ಬಲಗಾಲನ್ನು ಬಿಸಿ ಮಾಡಿ, ನನ್ನ ಕಿವಿಗೆ ತಕ್ಕಂತೆ ಬಗ್ಗಿಸಿಕೊಟ್ಟ. ಈಗ ಫ್ರೇಮು ಟೇಢಾ, ನಾನು ಸೀದಾ. ಅದನ್ನು ಹಾಕಿಕೊಂಡು ಮನೆಗೆ ಬಂದಾಗ ಬಾಗಿಲ ಸಂದಿಯಲ್ಲಿ ತಮ್ಮನ ಕಾರ್ಡು ಬಿದ್ದಿತ್ತು. ಹೊಸ ಚಾಳೀಸಿನಲ್ಲಿ ನಾನು ಓದಿದ ಮೊದಲ ಬರಹ ಅದು. ಬಸವಕಲ್ಯಾಣದಿಂದ ಬರೆದಿದ್ದ: ಬರುವ ಸೋಮವಾರ ಮಗಳು ಸಂಗೀತಾಳಿಗೆ ಬುಗುಡಿಗಾಗಿ ಕಿವಿ ಚುಚ್ಚಿಸುವುದು, ಮುಂದಿನ ತಿಂಗಳು ಅವಳ ಸೋದರಮಾವನ ಲಗ್ನ, ಆಯಿಯ ಬುಗುಡಿ ಜೋಡಿಯನ್ನು ಹೊಳಪು ಕೊಡಿಸಿ ಇಟ್ಟಿದ್ದೇವೆ, ನೀನು ಭಾನುವಾರವೇ ಬಾ.

ಕಾರ್ಡನ್ನು ಎರಡು ತುಂಡು ಮಾಡಿ ಒಲೆಯ ಹತ್ತಿರ ಎಸೆದೆ. ಆಮೇಲೆ ಬಸ್ಸಿನ ಹೊತ್ತು ಬರೆದಿದ್ದನೇನೋ ಎಂದು ಎರಡೂ ತುಂಡು ಎತ್ತಿ ಜೋಡಿಸಿ ನೋಡಿದೆ. ನನ್ನ ಸಿಟ್ಟು ಯಾವಾಗಲೂ ಇಷ್ಟೇ ಉಪಯೋಗದ್ದು.

ಬುಗುಡಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಓಲೆ, ಬೆಂಡೋಲೆ, ಝುಮಕಿ ಇವೆಲ್ಲ ಕಿವಿಯ ಕೆಳಗಿನ ಮೆತ್ತನೆಯ ಹಾಲೆಗೆ. ಬುಗುಡಿ ಮೇಲಿನ ಅಂಚಿಗೆ, ಬೆರಳಿಟ್ಟು ಒತ್ತಿದರೆ ಗಟ್ಟಿಯಾಗಿ ಹತ್ತುವ ಜಾಗಕ್ಕೆ. ನಮ್ಮ ಆಯಿಯ ಬುಗುಡಿ ಅವರೆಕಾಳಿನಷ್ಟು ದೊಡ್ಡ ಚಿನ್ನದ ಮೊಗ್ಗು, ಸುತ್ತ ಸಾಸಿವೆಯಂಥ ಮುತ್ತು, ಹಿಂದೆ ತಿರುಪು. ಆಯಿ ಎಂದರೆ ಅಪ್ಪನ ತಾಯಿ. ನಾನು ಹುಟ್ಟುವ ಮೊದಲೇ ಹೋಗಿದ್ದಳು. ಅವಳು ಉಳಿದದ್ದು ಒಂದು ನಶ್ಯದ ಡಬ್ಬಿಯಲ್ಲಿ, ಹತ್ತಿಯೊಳಗೆ, ಎರಡು ಮೊಗ್ಗಾಗಿ. ಅದು ಚೆಂದವಿತ್ತು ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಚೆಂದವಿತ್ತು ಎನ್ನುವುದೇ ನನ್ನ ಸಿಟ್ಟಿಗೆ ದೊಡ್ಡ ತೊಂದರೆ. ಹತ್ತು ವರ್ಷದ ನಾನು ಆ ಡಬ್ಬಿಯನ್ನು ಕದ್ದು ತೆರೆದು, ಎರಡನ್ನೂ ಕಿವಿಗೆ ಹಿಡಿದು ಹಿತ್ತಾಳೆ ತಂಬಿಗೆಯಲ್ಲಿ ಮುಖ ನೋಡಿಕೊಂಡಿದ್ದೆ. ತಂಬಿಗೆಯಲ್ಲಿ ನನ್ನ ಮುಖ ಅಡ್ಡಗಲವಾಗಿ, ಬುಗುಡಿ ಎರಡೂ ಎರಡು ಊರಿನಷ್ಟು ದೂರದಲ್ಲಿ ಕಂಡಿದ್ದವು.

ಚುಚ್ಚಿಸಿದ್ದು ನಮ್ಮ ಜಿಲ್ಲೆ ಹೈದರಾಬಾದು ಬಿಟ್ಟು ಮೈಸೂರಿಗೆ ಸೇರಿದ ವರ್ಷದ ಚಳಿಗಾಲದಲ್ಲಿ ಎಂದು ನಾನು ಬಹಳ ವರ್ಷ ಹೇಳುತ್ತಿದ್ದೆ. ಕೌದಿ ಹೊದ್ದು ಹಲ್ಲು ಕಟಕಟ ಎನ್ನುವಷ್ಟು ನಡುಗಿದ್ದು ಸ್ಪಷ್ಟ ನೆನಪು. ಆದರೆ ಅದೇ ನೆನಪಿನಲ್ಲಿ ಮಾಳಿಗೆಯ ತುಂಬ ಹಪ್ಪಳ ಒಣಗುತ್ತಿವೆ. ಚಳಿಗಾಲದಲ್ಲಿ ಕಲ್ಯಾಣದಲ್ಲಿ ಯಾರು ಹಪ್ಪಳ ಒಣಹಾಕುತ್ತಾರೆ? ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಬುದ್ಧಿ ನನಗೆ ಬಂದದ್ದು ಮೂವತ್ತು ದಾಟಿದ ಮೇಲೆ. ಅದು ಬೇಸಿಗೆ. ನಡುಗಿದ್ದು ಜ್ವರಕ್ಕೆ.

ಅದು ನಮ್ಮ ಕಾಕಾನ ಲಗ್ನದ ಬೇಸಿಗೆ. ಮನೆಯ ಯಜಮಾನಿಕೆ ಆಗ ಗೌರತ್ತಿಯದು. ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಕೀಲಿಕೈ ಸೊಂಟಕ್ಕೆ ಸಿಕ್ಕಿಸಿದವಳು. ಅವಳು ಮಾತಾಡುತ್ತಿದ್ದರೆ ನಮ್ಮವ್ವ ಒಲೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಗೌರತ್ತಿ ಒಂದು ದಿನ ನನ್ನ ಗದ್ದ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ, ಸಂತೆಯಲ್ಲಿ ಕರು ನೋಡುವವರ ಹಾಗೆ ನೋಡಿ, "ಲಗ್ನದಾಗ ಈಕಿ ಬುಗುಡಿ ಇಟ್ಕೊಂಡು ಕಳಸ ಹಿಡೀಬೇಕು. ಪತ್ತಾರಗ ಹೇಳಿ ಕಳಸ್ರಿ" ಎಂದಳು.

ಅವ್ವ ಒಲೆಗೆ ಹೇಳಿದಳು: "ಲಗ್ನ ಇನ್ನ ಇಪ್ಪತ್ತು ದಿನಾ ಅದ. ಅಷ್ಟರಾಗ ಮಾಯ್ತದೇನು?"

"ಮಾಯಲಾರದೇನ? ನಮಗೆಲ್ಲಾ ಮಾದಿಲ್ಲೇನು? ಏನೂ ಆಗಲ್ಲ."

ಈ ‘ಏನೂ ಆಗಲ್ಲ’ ಎನ್ನುವ ಎರಡು ಪದಗಳನ್ನು ನಮ್ಮ ಕಡೆಯ ಭಾಷೆಯಿಂದ ತೆಗೆದುಹಾಕುವ ಅಧಿಕಾರ ಯಾರಾದರೂ ನನಗೆ ಕೊಟ್ಟರೆ ಇವತ್ತೇ ಸಂಜೆಯೊಳಗೆ ತೆಗೆದುಹಾಕುತ್ತೇನೆ. ನಾಯಿ ಕಚ್ಚಿದರೂ ಏನೂ ಆಗಲ್ಲ, ಮಗು ಮೂರು ದಿನ ಹಾಲು ಕುಡಿಯದಿದ್ದರೂ ಏನೂ ಆಗಲ್ಲ. ಆಗುವುದು ಯಾರಿಗೆ? ಹೇಳಿದವರಿಗೆ ಎಂದೂ ಆಗುವುದಿಲ್ಲ. ಅದಕ್ಕೇ ಅಷ್ಟು ಧೈರ್ಯ.

ಪತ್ತಾರ ಬಂದ. ಅಂಗಳದಲ್ಲಿ ಮಣೆ ಹಾಕಿ ಕೂರಿಸಿದರು. ಅವನು ಕುಂಕುಮದಿಂದ ಎರಡೂ ಕಿವಿಗೆ ಚುಕ್ಕೆ ಇಟ್ಟ. ತಾರದ ತುದಿಯನ್ನು ಅರದಿಂದ ಚೂಪು ಮಾಡಿದ. ಬಾಯಲ್ಲಿ ಕಚ್ಚಿಕೊಂಡ, ಅಥವಾ ಕಚ್ಚಿಕೊಳ್ಳಲಿಲ್ಲ. ಕೈ ತೊಳೆಯಲಿಲ್ಲ ಎನ್ನುವುದು ಮಾತ್ರ ಗಟ್ಟಿ, ಏಕೆಂದರೆ ಅವನ ಹೆಬ್ಬೆರಳಿನ ಉಗುರಿನಲ್ಲಿ ಕಪ್ಪು ಮಸಿ ನಾನು ಕಣ್ಣಿನ ಮೂಲೆಯಲ್ಲಿ ಕಂಡಿದ್ದೇನೆ. ಕೆಳಗಿನ ಹಾಲೆ ಚುಚ್ಚಿದಾಗ ಇರುವೆ ಕಚ್ಚಿದಂತಾಗುತ್ತದೆ, ಅದು ಶಿಶುವಿಗೂ ಗೊತ್ತು. ಮೇಲಿನದ್ದು ಬೇರೆ. ಕಟ್ ಎಂದು ಒಂದು ಸದ್ದು. ಆ ಸದ್ದು ಹೊರಗಿನವರಿಗೆ ಕೇಳಿಸುವುದಿಲ್ಲ. ಕಿವಿಯದೇ ಸದ್ದು, ಕಿವಿಯೊಳಗೇ. ಹಸಿ ಸೌತೆಕಾಯಿ ಕಚ್ಚಿದ ಹಾಗೆ. ನಾನು ಅತ್ತೆನೋ ಇಲ್ಲವೋ ಗೊತ್ತಿಲ್ಲ. ಅವ್ವ ಹೇಳುತ್ತಾಳೆ, ಅಳಲಿಲ್ಲ, ಪತ್ತಾರನ ಧೋತರ ಹಿಡಿದು ಹರಿದೆ ಎಂದು. ಇದು ನನಗೆ ಹೆಮ್ಮೆಯ ವಿಷಯವಾದ್ದರಿಂದ ನಂಬುತ್ತೇನೆ.

ಅರಿಸಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ದೀಪದ ಕಾಡಿಗೆಯನ್ನೂ ಸೇರಿಸಿ ಗೌರತ್ತಿ ಎರಡೂ ತೂತಿಗೆ ಮೆತ್ತಿದಳು. ಹೋಗುವಾಗ ಪತ್ತಾರ, ದಿನಾ ಮುಂಜಾನೆ ತಾರ ತಿರುವುತ್ತಿರಬೇಕು, ಇಲ್ಲದಿದ್ದರೆ ಮಾಂಸ ಹಿಡಿದುಕೊಳ್ಳುತ್ತದೆ ಎಂದ. ಆ ಮಾತನ್ನು ಇಡೀ ಓಣಿ ಕೇಳಿಸಿಕೊಂಡಿತು.

ನಾಲ್ಕನೆಯ ದಿನ ಹಪ್ಪಳ ಶುರುವಾಯಿತು. ನಮ್ಮ ಕಡೆ ಲಗ್ನದ ಹಪ್ಪಳವೆಂದರೆ ಓಣಿಯ ಹೆಂಗಸರೆಲ್ಲ ಲಟ್ಟಣಿಗೆ ಹಿಡಿದು ಬರುವುದು. ಉದ್ದಿನ ಹಿಟ್ಟು, ಇಂಗು, ಹಪ್ಪಳದ ಸೋಡಾಖಾರ, ಮೆಣಸಿನ ಪುಡಿ, ಎಣ್ಣೆ, ಮೊಣಕೈವರೆಗೂ ಅದೇ. ಬಂದವರು ಮೊದಲು ಕಾಲು ತೊಳೆಯುತ್ತಿದ್ದರು. ಆಮೇಲೆ ನನ್ನನ್ನು ಕರೆಯುತ್ತಿದ್ದರು. "ಎಲ್ಲಿ, ಬುಗುಡಿ ಹುಡುಗಿ ಎಲ್ಲಿ? ಬಾ ಇಲ್ಲಿ, ನೋಡಮು." ಒಬ್ಬಳು ನೋಡಿ ತಿರುವುತ್ತಿದ್ದಳು. ಇನ್ನೊಬ್ಬಳು, "ಹಾಂಗಲ್ಲವಾ, ಎಡಕ್ಕ ತಿರುವಬೇಕು" ಎಂದು ಹಿಂದಕ್ಕೆ ತಿರುವುತ್ತಿದ್ದಳು. ಹೊಸದಾಗಿ ಕಟ್ಟಿದ ಹಕ್ಕಳೆ ಪ್ರತಿ ಸಲ ಕಿತ್ತು ಬರುತ್ತಿತ್ತು. ಮೆಣಸಿನ ಪುಡಿಯ ಬೆರಳು, ಇಂಗಿನ ಬೆರಳು, ಎಣ್ಣೆಯ ಬೆರಳು. ನಾನು ಕಿರುಚಿದರೆ, "ಅಗದೀ ನಾಜೂಕ ಇದ್ದಾಳ, ಅತ್ತಿ ಮನ್ಯಾಗ ಹ್ಯಾಂಗ ಬಾಳೇ ಮಾಡ್ತಾಳೋ" ಎಂದು ನಗೆ. ಪ್ರೀತಿಯಿಂದಲೇ ತಿರುವಿದರು, ಇದನ್ನು ನಾನು ಒಪ್ಪುತ್ತೇನೆ. ಒಂದು ಮಗುವಿನ ಗಾಯವನ್ನು ಒಂದು ಓಣಿ ಇಷ್ಟು ಪ್ರೀತಿಯಿಂದ ಹಾಳುಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಡಗಿವಿ ಹೇಗೋ ತಡೆದುಕೊಂಡಿತು. ಬಲಗಿವಿ ತಡೆಯಲಿಲ್ಲ. ನಾನು ಅವ್ವನ ಪಕ್ಕ ಗೋಡೆಯ ಕಡೆ ಮುಖ ಮಾಡಿ, ಬಲಕ್ಕೆ ಹೊರಳಿ ಮಲಗುವವಳು, ಅದೂ ಕಾರಣವಿರಬೇಕು. ಕಿವಿ ಕೆಂಪಾಯಿತು, ಆಮೇಲೆ ನೇರಳೆಯಾಯಿತು, ಬದನೆಕಾಯಿಯ ಹಾಗೆ ಮಿರಮಿರ ಮಿಂಚಿತು. ಈ ಹೊತ್ತಿನಲ್ಲೇ ಒಂದು ದಿನ ಬಲಗಿವಿಯ ತಾರ ಮಾಯವಾಯಿತು. ಇಷ್ಟು ವರ್ಷ ನಾನು ಹಿಡಿದುಕೊಂಡು ಬಂದ ಚಿತ್ರ ಇದು: ನಾನು ಕೌದಿಯೊಳಗೆ ನಡುಗುತ್ತಿದ್ದೇನೆ, ಇಂಗಿನ ವಾಸನೆಯ ಎರಡು ಬೆರಳು ನನ್ನ ಕಿವಿಗೆ ಬರುತ್ತವೆ, ಹಿಡಿದು ಎಳೆಯುತ್ತವೆ, ಮತ್ತು ಗೌರತ್ತಿಯ ದನಿ, "ತೆಗದ್ರ ಬಾವು ಇಳೀತದ. ಏನೂ ಆಗಲ್ಲ."

ಬಾವು ಇಳಿಯಲಿಲ್ಲ. ತೂತು ಮುಚ್ಚಿಕೊಂಡಿತು, ಒಳಗಿನ ಕೀವು ಒಳಗೇ ಉಳಿಯಿತು. ಲಗ್ನದ ಮುಂಜಾನೆ ಗೌರತ್ತಿ ಬುಗುಡಿ ಹಿಡಿದು ಬಂದು ನನ್ನ ಕಿವಿಯನ್ನು ಬೆಳಕಿಗೆ ತಿರುಗಿಸಿ ಕೇಳಿದ ಮಾತು ನನಗೆ ಮರೆಯುವುದಿಲ್ಲ. "ತೂತು ಎಲ್ಲಿ ಹೋಯ್ತ?" ಕಿವಿ ಎಲ್ಲಿ ಹೋಯಿತು ಎಂದು ಅವಳು ಕೇಳಲಿಲ್ಲ. ತೂತು ಹುಡುಕಿದಳು. ಸಿಗದಿದ್ದಾಗ ಕರಿದಾರ ತಂದು, ಬಾತ ಕಿವಿಯ ಸುತ್ತ ಎರಡು ಸುತ್ತು ಹಾಕಿ, ಬುಗುಡಿಯನ್ನು ಅದಕ್ಕೇ ಕಟ್ಟಿದಳು. ಮೇಲೆ ಮಲ್ಲಿಗೆ ಇಳಿಬಿಟ್ಟಳು. ನಾನು ಕಳಸ ಹಿಡಿದೆ. ಜ್ವರದಲ್ಲಿ ಕಳಸದ ನೀರು ತುಳುಕಿ ನನ್ನ ಹೊಸ ಲಂಗವೆಲ್ಲ ಒದ್ದೆಯಾಯಿತಂತೆ. ಬಂದ ನೂರಾರು ಜನರಲ್ಲಿ ಒಬ್ಬರಾದರೂ ಈ ಹುಡುಗಿಯ ಕಿವಿ ಯಾಕೆ ಬದನೆಕಾಯಿಯಾಗಿದೆ ಎಂದು ಕೇಳಿದರೇ? ಬುಗುಡಿ ಯಾವ ಪತ್ತಾರ ಮಾಡಿದ್ದು ಎಂದು ಕೇಳಿದವರು ಮಾತ್ರ ಮೂರು ಮಂದಿ.

ಲಗ್ನದ ಮೂರನೆಯ ದಿನ ಅವ್ವ, ತನ್ನ ಜೀವನದಲ್ಲೇ ಮೊದಲ ಸಲ, ಗೌರತ್ತಿಯನ್ನು ಕೇಳದೆ ನನ್ನನ್ನು ಎತ್ತಿಕೊಂಡು ಹುಮನಾಬಾದಿನ ಬಸ್ಸು ಹತ್ತಿದಳು. ಅಲ್ಲಿಯ ಡಾಕ್ಟರ್ ಸಾಹೇಬರು ಕಿವಿ ನೋಡಿ ಮೊದಲು ಅವ್ವನನ್ನು ಬೈದರು. "ತಾರ ಯಾಕ ತೆಗದ್ರಿ? ಅದು ಇದ್ದಿದ್ರ ಕೀವು ಅದರ ಬಾಜೂಕ ಹೊರಗ ಬರ್ತಿತ್ತು. ಬಾಗಿಲಾ ಬಂದ್ ಮಾಡಿ ಕಳ್ಳಗ ಒಳಗ ಕೂಡಿಸೀರಿ. ಕಿವೀ ಕೆಳಗಿನ ಹಾಲೆ ಆದ್ರ ತಿಂಗಳೊಪ್ಪತ್ತಿನಾಗ ಮಾಯ್ತದ. ಇದು ಮೆತ್ತನ್ನ ಎಲುಬು, ಇದಕ್ಕ ರಕ್ತಾನೇ ಕಡಿಮಿ. ಅರ್ಧಾ ವರ್ಷ, ವರ್ಷ ಬೇಕು." ಅವ್ವ ನೆಲ ನೋಡುತ್ತ ನಿಂತಿದ್ದಳು. ಅವರು ಕೊಯ್ದು ತೆಗೆದರು. ಕಿವಿ ಉಳಿಯಿತು. ಒಳಗಿನ ಎಲುಬು ಅಷ್ಟು ಹೊತ್ತಿಗೆ ಕರಗಿತ್ತು. ಬಾವು ಇಳಿದಂತೆ ಕಿವಿ ಮುದುಡಿತು.

ಅದೇ ಬುಗುಡಿ, ಮತ್ತೆ ಒಂದು ಲಗ್ನ, ಮತ್ತೆ ಒಬ್ಬ ಹುಡುಗಿ. ಭಾನುವಾರದ ಬಸ್ಸಿನಲ್ಲಿ ನಾನು ಹಲ್ಲು ಕಚ್ಚಿಕೊಂಡೇ ಕೂತಿದ್ದೆ. ಹೋಗುವ ಮೊದಲು ನಮ್ಮ ಹುಮನಾಬಾದಿನ ದವಾಖಾನೆಯ ಡಾಕ್ಟರಮ್ಮನನ್ನು ಕಂಡು ಎಲ್ಲ ಕೇಳಿ, ಶಾಲೆಯ ಕಾಗದದಲ್ಲಿ ಬರೆದುಕೊಂಡಿದ್ದೆ. ಚೀಲದಲ್ಲಿ ಆ ಕಾಗದ, ಸಾಬೂನಿನ ಹೊಸ ಬಿಲ್ಲೆ, ಒಂದು ಪೊಟ್ಟಣ ಅರಳೆ. ಚುಚ್ಚಿಸಲು ಬಿಡುವುದೇ ಇಲ್ಲ ಎಂಬುದು ನನ್ನ ತೀರ್ಮಾನ; ಸಾಬೂನು ಯಾಕೆ ಒಯ್ದೆ ಎಂದು ಕೇಳಬೇಡಿ.

ತಮ್ಮನ ಹೆಂಡತಿ ಸುಶೀಲಾ ಬಾಗಿಲಲ್ಲೇ ನನ್ನ ಮುಖ ನೋಡಿ ಅರ್ಥಮಾಡಿಕೊಂಡಳು. "ಬರ್ರಿ ಅಕ್ಕಾರ. ಮೊದಲು ಚಹಾ ಕುಡೀರಿ, ಆಮೇಲೆ ಜಗಳಾ ಮಾಡಮು."

ನಾನು ಚಹಾ ಮುಟ್ಟದೆ ಶುರುಮಾಡಿದೆ. ಪತ್ತಾರನ ಉಗುರು, ಹಪ್ಪಳ, ಕರಿದಾರ, ಎಲ್ಲ ಹೇಳಿದೆ. ಸಂಗಿ, ಅಂದರೆ ಸಂಗೀತಾ, ಹನ್ನೆರಡು ವರ್ಷದವಳು, ಎದುರಿಗೆ ಕೂತು ಕೇಳಿದಳು. ಕೇಳಿ ಮುಗಿದ ಮೇಲೆ, "ಅತ್ತಿ, ಮುಟ್ಲೇನು?" ಎಂದಳು. ನನ್ನ ಕಿವಿಯ ಮುದುಡಿದ ಅಂಚಿನ ಮೇಲೆ ಬೆರಳಾಡಿಸಿದಳು. ನಾನು ಗೆದ್ದೆ ಎಂದುಕೊಂಡೆ.

"ಆದ್ರೂ ನನಗ ಬುಗುಡಿ ಬೇಕು" ಎಂದಳು. "ನಿನಗ ಬ್ಯಾಡಾಗಿತ್ತೇನ ಆಗ?"

ತಂಬಿಗೆಯಲ್ಲಿ ಅಡ್ಡಗಲವಾದ ಮುಖ ನೆನಪಾಯಿತು.

"ಬೇಕಾಗಿತ್ತು. ಆದ್ರ ಗೌರತ್ತಿ ಆ ತಾರ ಕಿತ್ತದ್ದಕ್ಕ…" ಎಂದು ನಾನು ಮತ್ತೆ ಆರಂಭಿಸುವಷ್ಟರಲ್ಲಿ ಕಂಬಕ್ಕೆ ಒರಗಿದ್ದ ಅವ್ವ ಮಾತಾಡಿದಳು. ಈಗ ಅವಳು ಒಲೆಯ ಕಡೆ ಮುಖ ಮಾಡಿ ಮಾತಾಡುವುದಿಲ್ಲ.

"ಗೌರಮ್ಮ ಎಲ್ಲಿ ಕಿತ್ತಳು? ನೀನೇ ಕಿತ್ತಿ ಮಾದೇವಿ."

"ನಾನ?"

"ನೀನೇ. ಮಧ್ಯಾಹ್ನ ಎಲ್ಲಾರೂ ಮಾಳಿಗಿ ಮ್ಯಾಲ ಇದ್ವಿ. ಕೆಳಗ ಬಂದ್ರ ನಿನ್ನ ಕೈಯಾಗ ತಾರ ಇತ್ತು. ಡಾಕ್ಟರ ಬೈದಾಗ ನಾ ಸುಮ್ಮ ನಿಂತೆ. ಹತ್ತ ವರ್ಷದ ಕೂಸಿನ ಹೆಸರು ಹ್ಯಾಂಗ ಹೇಳ್ಲಿ? ಗೌರಮ್ಮನ್ನ ಬೈಯೋ ಕಡೆ ಬೈ. ಈ ಒಂದು ಆಕೀ ಮ್ಯಾಲ ಹಾಕಬ್ಯಾಡ."

"ನಿನಗ ನೆನಪು ತಪ್ಯಾದ ಅವ್ವಾ."

"ನನಗ ತಪ್ಪಿದ್ರೂ ತಪ್ಪಿರಬೇಕು. ಆದ್ರ ನಿನಗ ಆಗ ಹತ್ತು ವರ್ಷ, ಮ್ಯಾಲ ಜ್ವರಾ."

ನಾನು ಆ ಮಾತನ್ನು ಒಪ್ಪಲಿಲ್ಲ. ಸಿಟ್ಟು ಇನ್ನೂ ಹೆಚ್ಚಾಯಿತು. ನಾನೇ ಕಿತ್ತಿದ್ದರೂ, ಕೀಳಬಾರದೆಂದು ನನಗೆ ಹೇಳಿದವರು ಯಾರು? ಹೇಗೆ ತಿರುವಬೇಕೆಂದು ಹೇಳಲು ಒಂದು ಓಣಿಯೇ ಇತ್ತು. ಬಾತರೆ ತೆಗೆಯಬೇಡ, ದವಾಖಾನೆಗೆ ಹೋಗು ಎಂದು ಹೇಳುವ ಒಂದು ಬಾಯಿ ಇರಲಿಲ್ಲ.

ಕೊನೆಗೆ ಕಾಗದ ತೆಗೆದು, ಚುಚ್ಚಿಸಲು ಒಪ್ಪಿದ್ದೇ ನನ್ನ ವಿಜಯವೆಂಬಂತೆ ಗಟ್ಟಿಯಾಗಿ ಓದಿದೆ. ಒಂದೇ ಕಿವಿ, ಎಡಗಿವಿ. ಇನ್ನೊಂದು ಇದು ಮಾದ ಮೇಲೆ, ಮಲಗಲು ಒಂದು ಬದಿ ಉಳಿಯಬೇಕು. ಆಯಿಯ ಬುಗುಡಿ ಈ ಲಗ್ನಕ್ಕಿಲ್ಲ, ಮುಂದಿನ ವರ್ಷ ನೋಡೋಣ. ಸಣ್ಣ ಚಿನ್ನದ ತಾರ, ಬಾತರೆ ಜಾಗವಿರುವಂತೆ ಸಡಿಲ. ಅರಿಸಿನ, ಎಣ್ಣೆ, ಕಾಡಿಗೆ, ಬೂದಿ ಏನೂ ಇಲ್ಲ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಅರಳೆ ಅದ್ದಿ ದಿನಕ್ಕೆ ಎರಡು ಸಲ ಒರೆಸುವುದು, ಅದೂ ಕೈಗೆ ಸಾಬೂನು ಹಚ್ಚಿ ತೊಳೆದ ಮೇಲೆ. ತಿರುವುವುದಿಲ್ಲ. ಯಾರೂ ತಿರುವುವುದಿಲ್ಲ. ಕೆಂಪಾಗಿ ಬಿಸಿಯಾಗಿ ನೋವು ಎದ್ದರೆ ಅದೇ ದಿನ ದವಾಖಾನೆ. ತಾರ ತೆಗೆಯುವುದು ಬಿಡುವುದು ಡಾಕ್ಟರ ಕೆಲಸ, ನಮ್ಮದಲ್ಲ.

"ಇಷ್ಟೆಲ್ಲಾ ಬುಗುಡಿಗೋ ಬಾಣಂತಿಗೋ?" ಎಂದಳು ಸುಶೀಲಾ. ಆದರೆ ಕಾಗದವನ್ನು ಅಡಿಗೆಮನೆಯ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದವಳೂ ಅವಳೇ.

ಸೋಮವಾರ ಬಂದವನು ಆ ಪತ್ತಾರನ ಮಗ. ಅವನ ತಾರವನ್ನೂ ಚಿಮುಟವನ್ನೂ ಪಾತ್ರೆಯಲ್ಲಿ ಹಾಕಿ, ನನ್ನ ಕೈಗಡಿಯಾರ ನೋಡಿ, ಅನ್ನ ಬೇಯುವಷ್ಟು ಹೊತ್ತು ಕುದಿಸಿದೆ. ಅವನಿಗೆ ಮೂರು ಸಲ ಕೈ ತೊಳೆಸಿದೆ.

"ಟೀಚರ್, ಕಿವಿ ಚುಚ್ಚಬೇಕೋ ಆಪರೇಷನ್ ಮಾಡಬೇಕೋ?"

"ಮೊದಲು ಉಗುರು ತೋರಸ್ರಿ."

ತೋರಿಸಿದ. ಕಟ್ ಎಂದಿತಂತೆ, ಸಂಗಿ ಹೇಳಿದಳು, ನನಗೆ ಕೇಳಿಸಲಿಲ್ಲ. ಆ ಸಂಜೆ ನೋಡಲು ಬಂದ ಹೆಂಗಸರ ಮುಂದೆ ನಾನು ಅಳತೆಗೋಲು ಹಿಡಿದು ಬಾಗಿಲಲ್ಲಿ ಕೂತೆ. ಕೈ ಮುಂದೆ ಮಾಡಿದವರ ಬೆರಳಿಗೆ ಮೆಲ್ಲಗೆ ಒಂದು. ಒಬ್ಬ ಹಿರಿಯಾಕೆ, "ನಮಗೆಲ್ಲಾ ಹಿಂಗ ಇತ್ತೇನವಾ? ಏನೂ ಆಗಲ್ಲ ಬಿಡ" ಎಂದು ಮುಂದೆ ಬಂದಳು. ಅವಳಿಗೆ ನನ್ನ ಬಲಗಿವಿಯನ್ನು ತೋರಿಸಿದೆ. ಸೆರಗು ಬಾಯಿಗೆ ಹಿಡಿದು ಹಿಂದೆ ಸರಿದಳು. ನನ್ನ ಕಿವಿಯಿಂದ ಒಂದು ಪ್ರಯೋಜನವಾದದ್ದು ಅದೇ ಮೊದಲು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದ ಕಥೆಯಾಗುತ್ತಿತ್ತು. ನನಗೂ ಅದೇ ಇಷ್ಟವಿತ್ತು.

ಹತ್ತು ಹನ್ನೆರಡು ದಿನ ಕಳೆದಿರಬಹುದು. ತರಗತಿಯಲ್ಲಿ ಗುಂಡಿಗೆ ಕಾಜಾ ಹೊಲಿಯುವುದನ್ನು ಕಲಿಸುತ್ತಿದ್ದೆ. ಬಾಗಿಲಲ್ಲಿ ಸುಶೀಲಾ ನಿಂತಿದ್ದಳು. ಪಕ್ಕದಲ್ಲಿ ಸಂಗಿ, ತಲೆ ಒಂದು ಬದಿಗೆ ವಾಲಿಸಿಕೊಂಡು.

"ಅಕ್ಕಾರ, ನಿಮ್ಮ ಕಾಗದದಾಗ ಬರದಂಗೇ ಮಾಡೀವ್ರಿ. ನಿನ್ನೆ ಅಂಗಿ ತೊಡೋವಾಗ ತಾರ ಸಿಕ್ಕೊಂಡು ಜಗ್ಗಿತ್ರಿ. ಮುಂಜಾನಿ ನೋಡಿದ್ರ ಹಿಂಗಾಗ್ಯಾದ. ದವಾಖಾನಿಗಿ ಹೊಂಟೀವಿ, ನೀವೂ ಬರ್ರಿ."

ನಾನು ಕೂದಲು ಸರಿಸಿ ನೋಡಿದೆ. ಕೆಂಪು. ಬೆರಳು ಹತ್ತಿರ ಒಯ್ದರೆ ಬಿಸಿ ತಾಕುತ್ತಿತ್ತು. ಮೇಲಿನ ಅಂಚು ಮಿರಮಿರ ಮಿಂಚುತ್ತಿತ್ತು, ಆ ಮಿಂಚು ನನಗೆ ಗೊತ್ತಿದ್ದದ್ದೇ. ತಾರ ಆ ಬಾವಿನೊಳಗೆ ಹೂತುಹೋದಂತೆ ಕಂಡಿತು. ಡಾಕ್ಟರಮ್ಮ ಹೇಳಿದ್ದು, ಕಾಗದದಲ್ಲಿ ಬರೆದದ್ದು, ಇಪ್ಪತ್ತೈದು ವರ್ಷ ಯಾರು ಸಿಕ್ಕರೆ ಅವರ ಮುಂದೆ ಮನಸ್ಸಿನಲ್ಲೇ ಮಾಡಿದ ಭಾಷಣ, ಒಂದೂ ಇರಲಿಲ್ಲ. ಇದ್ದದ್ದು ಒಂದೇ: ಇದನ್ನು ತೆಗೆದುಬಿಟ್ಟರೆ ಮಗುವಿಗೆ ಸಮಾಧಾನವಾಗುತ್ತದೆ. ನನ್ನ ಎರಡು ಬೆರಳು ತಾರದ ತುದಿಯನ್ನು ಹಿಡಿದಿದ್ದವು. "ತಡಿ, ಏನೂ ಆಗಲ್ಲ" ಎಂದು ಯಾರೋ ಹೇಳಿದರು. ಹೇಳಿದವಳು ನಾನೇ.

ಸಂಗಿ ನನ್ನ ಮಣಿಕಟ್ಟು ಹಿಡಿದಳು. ಬಿಗಿಯಾಗಿಯೇ ಹಿಡಿದಳು.

"ಅತ್ತಿ, ತೆಗೀಬ್ಯಾಡ. ನೀನೇ ಬರದೀದಿ, ಅಡಗಿಮನ್ಯಾಗ ಹಚ್ಚೇದ. ಅದು ಡಾಕ್ಟರ ಕೆಲಸ."

ಹಿಂದೆ ನಲವತ್ತು ಹುಡುಗಿಯರು ಸೂಜಿ ಹಿಡಿದು ನೋಡುತ್ತಿದ್ದರು. ಆ ಗಾಬರಿಯಲ್ಲಿ ಹಲವರು ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದರು. ನಾನು ಕೂಗಲಿಲ್ಲ.

ಡಾಕ್ಟರಮ್ಮ ತಾರವನ್ನು ಹಾಗೇ ಬಿಟ್ಟರು. ಸುತ್ತಲೂ ಸ್ವಚ್ಛ ಮಾಡಿ, ಗುಳಿಗೆ ಬರೆದುಕೊಟ್ಟು, ಮೂರು ದಿನ ದಿನವೂ ಬಂದು ತೋರಿಸಬೇಕೆಂದರು. ಸಂಗಿ ನಮ್ಮಲ್ಲೇ ಉಳಿದಳು. ಅದೇ ಮೂರು ದಿನದಲ್ಲಿ ಕೆಂಪು ಇಳಿಯಿತು. ತಾರದ ಬದಿಯಿಂದ ಬರಬೇಕಾದದ್ದು ಬಂದು ಹೋಯಿತು. "ಜಲ್ದಿ ತಂದೀರಿ, ಚಲೋ ಆಯ್ತು. ತಾರ ತೆಗದು ತಡಾ ಮಾಡಿ ಬಂದಿದ್ರ ಕಷ್ಟಿತ್ತು" ಎಂದರು, ನನ್ನ ಕಿವಿಯ ಕಡೆ ನೋಡದಿರಲು ಪ್ರಯತ್ನಪಡುತ್ತ. ಸಂಗಿ ಸೋದರಮಾವನ ಲಗ್ನದಲ್ಲಿ ಒಂದೇ ಕಿವಿಯಲ್ಲಿ ಬರೀ ತಾರ ಇಟ್ಟುಕೊಂಡು ಓಡಾಡಿದಳು. ಬೀಗರ ಕಡೆಯ ಹೆಂಗಸರು ಇದು ಯಾವ ಹೊಸ ಪದ್ಧತಿ ಎಂದು ಕೇಳಿದರೆ, "ನಮ್ಮತ್ತೀದು" ಎನ್ನುತ್ತಿದ್ದಳಂತೆ. ಕಿವಿ ಈಗ ನೆಟ್ಟಗಿದೆ. ಮಾಯಲು ಎಂಟು ತಿಂಗಳು ಹಿಡಿಯಿತು. ಇನ್ನೊಂದು ಕಿವಿಯ ಮಾತನ್ನು ಅವಳು ಎತ್ತಿಲ್ಲ. ನಾನೂ ಎತ್ತಿಲ್ಲ.

ಸಿಟ್ಟು ಹೋಯಿತೇ ಎಂದರೆ ಇಲ್ಲ. ಹಪ್ಪಳದ ಬೆರಳುಗಳ ಮೇಲೆ, ಕರಿದಾರದ ಮೇಲೆ, ತೂತು ಹುಡುಕಿದ ಆ ಮುಂಜಾನೆಯ ಮೇಲೆ ನನಗೆ ಈಗಲೂ ಅಷ್ಟೇ ಸಿಟ್ಟಿದೆ. ಆದರೆ ತಾರ ಕಿತ್ತದ್ದನ್ನು ಗೌರತ್ತಿಯ ಹೆಸರಿನಲ್ಲಿ ಹೇಳಲು ಈಗ ಬಾಯಿ ಬರುವುದಿಲ್ಲ. ಇಂಗಿನ ವಾಸನೆ ಖಂಡಿತ ಇತ್ತು. ಆ ವಾರ ನಮ್ಮ ಮನೆಯಲ್ಲಿ ಇಂಗಿನ ವಾಸನೆಯಿಲ್ಲದ ಕೈ ಒಂದಾದರೂ ಇತ್ತೇ? ಹಪ್ಪಳದ ಹಿಟ್ಟಿನ ಉಂಡೆ ಮಾಡಿಕೊಡುವ ಕೆಲಸ ನನಗೂ ಹಚ್ಚಿದ್ದರು.

ತರಗತಿಯಲ್ಲಿ ಆವತ್ತು ನನ್ನ ಬೆರಳುಗಳು ತಾರವನ್ನು ಹುಡುಕಲಿಲ್ಲ, ತಡವರಿಸಲಿಲ್ಲ. ನೇರವಾಗಿ ಹೋಗಿ, ತುದಿಯನ್ನು ಹಿಡಿದವು. ಆ ಕೆಲಸಕ್ಕೆ ಅವು ಹೊರಟದ್ದು ಮೊದಲನೆಯ ಸಲವೋ ಎರಡನೆಯ ಸಲವೋ, ನನಗೆ ಗೊತ್ತಿಲ್ಲ.